ಒಂದೇ ಪೆಟ್ಟಿನ ತಾಳ

ಬ್ರಿಗಮ್ ಸರ್ಕಲ್‌ನಲ್ಲಿ ಟ್ರಾಮ್ ಇಳಿದಾಗ ಗಂಟೆ ಒಂದೂವರೆ. ನವೆಂಬರ್ ತಿಂಗಳ ಬಾಸ್ಟನ್‌ನಲ್ಲಿ ಅದನ್ನು ಮಧ್ಯಾಹ್ನ ಅನ್ನಲು ಬಾಯಿ ಬರುವುದಿಲ್ಲ. ಬಿಸಿಲು ಆಗಲೇ ಸಂಜೆಯ ಬಣ್ಣಕ್ಕೆ ತಿರುಗಿರುತ್ತದೆ, ನಾಲ್ಕೂವರೆ ಐದಕ್ಕೆಲ್ಲ ಕತ್ತಲೆ. ನನ್ನ ಅಕ್ಕನ ಮಗ ರಾತ್ರಿ ಡ್ಯೂಟಿ ಇಳಿದು, ನಾಲ್ಕು ಗಂಟೆ ನಿದ್ದೆ ತೆಗೆದು ನನ್ನ ಜತೆ ಹೊರಟಿದ್ದ. ಬೆನ್ನಿಗೆ ದುಂಡನೆಯ ಕಪ್ಪು ಚೀಲ. ದೋಸೆ ಕಾವಲಿ ಹಿಡಿಸುವಷ್ಟು ಅಗಲ.

“ಏನೋ ಇದು, ಕಾವಲಿ ಹೊತ್ಕೊಂಡು ಬಂದಿದೀಯಲ್ಲ ಮಾರಾಯ?”

“ತಾಳ, ಮಾವ. ಸಂಜೆ ರಿಹರ್ಸಲ್ ಇದೆ. ಮತ್ತೆ ಮನೆಗೆ ಹೋಗಿ ತರೋಕೆ ಹೊತ್ತಾಗತ್ತೆ.”

ಜಿಪ್ ಎಳೆದು ತೋರಿಸಿದ. ಮೊರದಗಲದ ಎರಡು ಕಂಚಿನ ತಟ್ಟೆ, ನಡುವೆ ಉಬ್ಬು, ಉಬ್ಬಿನ ತೂತಿನಿಂದ ಹೊರಬಂದ ತೊಗಲಿನ ಪಟ್ಟಿ. ಭಜನೆಯ ತಾಳವನ್ನೇ ಹತ್ತು ಪಟ್ಟು ದೊಡ್ಡದು ಮಾಡಿದಂತೆ. ಮೇಲೆ ಝಿಲ್ಜಿಯನ್ ಎಂಬ ಹೆಸರು. 1623ರಿಂದ ಇಸ್ತಾಂಬುಲ್‌ನಲ್ಲಿ ತಾಳ ಬಡಿಯುತ್ತಿದ್ದ ಮನೆತನ ಅದು; ಈಗ ಅವರ ಕಾರ್ಖಾನೆ ಬಾಸ್ಟನ್‌ನ ದಕ್ಷಿಣಕ್ಕೆ ನಾರ್ವೆಲ್ ಎಂಬ ಊರಿನಲ್ಲಿದೆ. ಎಂಬತ್ತು ಪಾಲು ತಾಮ್ರ, ಇಪ್ಪತ್ತು ಪಾಲು ತವರ. ನಮ್ಮ ಕಂಚುಗಾರರು ಕೇಳಿದರೆ “ಇದೇನು ಹೊಸದು?” ಅಂದಾರು.

ಅಳಿಯ ಆರನೇ ವಯಸ್ಸಿಗೆ ಈ ದೇಶಕ್ಕೆ ಬಂದವನು. ಶಾಲೆಯ ಬ್ಯಾಂಡಿನಲ್ಲಿ ಡ್ರಮ್ ಬಾರಿಸಿದ, ಶನಿವಾರ ಬೆಳಿಗ್ಗೆ ಅಕ್ಕನ ಒತ್ತಾಯಕ್ಕೆ ಮೃದಂಗ ಕಲಿತ, ಆಮೇಲೆ ಡಾಕ್ಟರಾದ. ಈಗ ಅರಿವಳಿಕೆ ತಜ್ಞ. ಯಾವ ಆಸ್ಪತ್ರೆ, ಯಾವ ವಾದ್ಯಗೋಷ್ಠಿ ಎರಡನ್ನೂ ಬರೆಯಬೇಡಿ ಎಂದು ಕೇಳಿಕೊಂಡಿದ್ದಾನೆ; ಬರೆಯುವುದಿಲ್ಲ. ನಾನಾದರೋ ಮಲೆನಾಡಿನ ತಾಲ್ಲೂಕು ಆಸ್ಪತ್ರೆಗಳಲ್ಲಿ ಸೇವೆ ಮುಗಿಸಿ ನಿವೃತ್ತನಾದವನು. ಪಿಯುಸಿವರೆಗೆ ಪಿಟೀಲು ಕಲಿತಿದ್ದೆ. ಎಂಬಿಬಿಎಸ್ ಸೇರಿದ ವರ್ಷ ಹಿರಿಯರೊಬ್ಬರು “ಪಿಟೀಲು ಕುಯ್ಯುವ ಕೈ ಹೊಟ್ಟೆ ಕುಯ್ಯಲಾರದು” ಎಂದು ನಗೆಯಾಡಿದರು. ಅದನ್ನು ನಾನು ನಗೆಯಾಗಿ ತಗೊಳ್ಳಲಿಲ್ಲ. ಪಿಟೀಲು ಅಟ್ಟ ಸೇರಿತು. ಹಾಗಾಗಿ, ಡಾಕ್ಟರುಗಳು ವಾದ್ಯ ಹಿಡಿದು ಊರ ಮಂದಿಯ ಜತೆ ಕೂರುವ ಈ ಸಂಪ್ರದಾಯವನ್ನು ಒಮ್ಮೆ ಕಣ್ಣಾರೆ ನೋಡಬೇಕು ಎಂಬ ಆಸೆಯ ಹಿಂದೆ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು.

ಬ್ರಿಗಮ್ ಸರ್ಕಲ್‌ನಿಂದ ಸಿಂಫನಿ ಹಾಲ್‌ವರೆಗೆ ಹಂಟಿಂಗ್ಟನ್ ಅವೆನ್ಯೂ ಹಿಡಿದು ನೇರ ನಡೆದರೆ ಎರಡು ಕಿಲೋಮೀಟರಿನ ಆಸುಪಾಸು. ರಸ್ತೆಯ ಈ ತುದಿಯಲ್ಲಿ ಆಸ್ಪತ್ರೆಗಳ ಕಾಡು, ಆ ತುದಿಯಲ್ಲಿ ಸಂಗೀತ ಶಾಲೆ, ಸಂಗೀತದ ಸಭಾಂಗಣ. ಊರು ಕಟ್ಟಿದವರು ಬೇಕೆಂದೇ ಹೀಗೆ ಕಟ್ಟಿದರೋ ಏನೋ ಅನ್ನಿಸುವಷ್ಟು ಅನುಕೂಲವಾಗಿದೆ. ನಾವು ನೇರ ಹೋಗಲಿಲ್ಲ, ಎಡಕ್ಕೆ ಆಸ್ಪತ್ರೆಗಳ ಸಂದಿಯಲ್ಲಿ ತಿರುಗಿದೆವು.

ಲಾಂಗ್‌ವುಡ್ ಎಂದು ಈ ಬಡಾವಣೆಯ ಹೆಸರು. ಬ್ರಿಗಮ್, ಡೇನಾ-ಫಾರ್ಬರ್, ಬೆತ್ ಇಸ್ರೇಲ್, ಮಕ್ಕಳ ಆಸ್ಪತ್ರೆ, ಎಲ್ಲ ಒಂದರ ಭುಜಕ್ಕೊಂದು ತಾಗಿಕೊಂಡೇ ನಿಂತಿವೆ. ಮೇಲೆ ನೋಡಿದರೆ ಕಟ್ಟಡದಿಂದ ಕಟ್ಟಡಕ್ಕೆ ಗಾಜಿನ ಸೇತುವೆ. ಆಗಿನ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ 1954ರ ಡಿಸೆಂಬರ್ 23ರಂದು ಜೋಸೆಫ್ ಮರ್‍ರೆ ಮತ್ತು ಸಂಗಡಿಗರು ಅವಳಿ ಸೋದರರಲ್ಲಿ ಒಬ್ಬನ ಮೂತ್ರಪಿಂಡವನ್ನು ಇನ್ನೊಬ್ಬನಿಗೆ ಕಸಿ ಮಾಡಿ ಗೆದ್ದರು. ನಮ್ಮ ಪಠ್ಯಪುಸ್ತಕದಲ್ಲಿ ಒಂದು ಸಾಲಾಗಿದ್ದ ಸಂಗತಿ. ಈಗ ಆ ಜಾಗದಲ್ಲಿ ಹಸಿರು ಅಂಗಿ ತೊಟ್ಟ ಹುಡುಗಿಯೊಬ್ಬಳು ಗೋಡೆಗೆ ಒರಗಿ ಕಾಗದದ ಪೊಟ್ಟಣದಿಂದ ಸ್ಯಾಂಡ್‌ವಿಚ್ ತಿನ್ನುತ್ತಿದ್ದಳು. ಕಾಲ ಬಳಿ ಪಿಟೀಲಿನ ಪೆಟ್ಟಿಗೆ.

“ನೋಡಿದ್ರಾ?” ಎಂದ ಅಳಿಯ, ತಾನೇ ಏರ್ಪಾಡು ಮಾಡಿದವನಂತೆ.

ಮುಂದೆ ಹಾರ್ವರ್ಡ್ ಮೆಡಿಕಲ್ ಸ್ಕೂಲಿನ ಅಂಗಳ. 1906ರಲ್ಲಿ ಶಾಲೆ ಇಲ್ಲಿಗೆ ಬಂದಾಗ ಕಟ್ಟಿದ ಐದು ಬಿಳಿ ಅಮೃತಶಿಲೆಯ ಕಟ್ಟಡಗಳು, ನಡುವೆ ಹುಲ್ಲು. ಈ ಅಂಗಳದ ವಿದ್ಯಾರ್ಥಿಗಳೇ ಮುಂದಾಗಿ, ಕೆಲವು ವೈದ್ಯರನ್ನೂ ಸೇರಿಸಿಕೊಂಡು 1982ರಲ್ಲಿ ಒಂದು ವಾದ್ಯವೃಂದ ಕಟ್ಟಿದರು. ಬಡಾವಣೆಯ ಹೆಸರನ್ನೇ ಇಟ್ಟರು: ಲಾಂಗ್‌ವುಡ್ ಸಿಂಫನಿ ಆರ್ಕೆಸ್ಟ್ರಾ. ವಾದಕರಲ್ಲಿ ಬಹುಪಾಲು ಡಾಕ್ಟರುಗಳು, ನರ್ಸುಗಳು, ವೈದ್ಯಕೀಯ ವಿದ್ಯಾರ್ಥಿಗಳು, ಸಂಶೋಧಕರು. ಮಕ್ಕಳ ವೈದ್ಯೆ ಲೀಸಾ ವಾಂಗ್ 1991ರಿಂದ ಸುಮಾರು ಎರಡು ದಶಕ ಇದರ ಅಧ್ಯಕ್ಷೆಯಾಗಿದ್ದರು. ಆ ಅನುಭವದ ಮೇಲೆ 2012ರಲ್ಲಿ ಒಂದು ಪುಸ್ತಕವನ್ನೂ ತಂದರು. ಕಛೇರಿಯ ನೆಪದಲ್ಲಿ ಆರೋಗ್ಯ ಕ್ಷೇತ್ರದ ಸೇವಾಸಂಸ್ಥೆಗಳಿಗೆ ಹಣ ಕೂಡಿಸುವ ಪದ್ಧತಿ 1991ರಲ್ಲೇ ಶುರುವಾಯಿತು. ನಾಲ್ಕೈದು ಮಂದಿಯ ಸಣ್ಣ ತಂಡಗಳಾಗಿ ಆಸ್ಪತ್ರೆಗಳಿಗೆ ಹೋಗಿ ನುಡಿಸುವುದೂ ಇದೆ. ವೈದ್ಯರ ವಾದ್ಯವೃಂದಗಳಲ್ಲಿ ಇದೇ ಮೊದಲನೆಯದಲ್ಲ. ನ್ಯೂಯಾರ್ಕಿನ ವೈದ್ಯರ ವಾದ್ಯವೃಂದ 1938ರದು, ಲಾಸ್ ಏಂಜಲೀಸ್‌ನದು 1953ರದು. ಬರ್ಲಿನ್‌ನ ಸ್ಟೆಫಾನ್ ವಿಲಿಶ್ ಎಂಬ ವೈದ್ಯರಂತೂ ಹಲವು ದೇಶಗಳ ಡಾಕ್ಟರುಗಳನ್ನು ಒಟ್ಟು ಹಾಕಿ ಜಗತ್ತಿನ ವೈದ್ಯರದೇ ಒಂದು ಆರ್ಕೆಸ್ಟ್ರಾ ಮಾಡಿದ್ದಾರೆ; ಕೂಡಿದ ಹಣ ಅಲ್ಲೂ ಆರೋಗ್ಯ ಕಾರ್ಯಗಳಿಗೇ.

ಡಾಕ್ಟರರಿಗೂ ಸಂಗೀತಕ್ಕೂ ಏನಪ್ಪ ಈ ನಂಟು? ಬೆಂಚಿನ ಮೇಲೆ ಕೂತು ಇದನ್ನೇ ಹರಟಿದೆವು. ನನ್ನ ಮಟ್ಟಿಗೆ ಉತ್ತರ ಕಿವಿಯಲ್ಲಿದೆ. ರೋಗಿಯ ಎದೆಯ ಮೇಲೆ ಬೆರಳು ಕುಟ್ಟಿ ಒಳಗೆ ನೀರಿದೆಯೋ ಗಾಳಿಯೋ ಎಂದು ಸದ್ದಿನಿಂದ ಹೇಳುವ ವಿದ್ಯೆಯನ್ನು 1761ರಲ್ಲಿ ಬರೆದಿಟ್ಟವರು ವಿಯೆನ್ನಾದ ಔಎನ್‌ಬ್ರುಗರ್. ಅವರ ಅಪ್ಪನದು ಗ್ರಾಟ್ಸ್ ಊರಿನಲ್ಲಿ ಹೋಟೆಲು. ಪೀಪಾಯಿ ಕುಟ್ಟಿ ಎಷ್ಟು ತುಂಬಿದೆ ನೋಡುವುದನ್ನು ಅಲ್ಲೇ ಕಂಡಿದ್ದರೆಂದು ಕತೆ. ಅದೇ ಔಎನ್‌ಬ್ರುಗರ್ ಸಾಲಿಯೇರಿಯ ಒಂದು ಸಂಗೀತ ನಾಟಕಕ್ಕೆ ಮಾತು ಬರೆದುಕೊಟ್ಟರು. 1816ರಲ್ಲಿ ಪ್ಯಾರಿಸ್ಸಿನಲ್ಲಿ ಕಾಗದ ಸುತ್ತಿ ಕೊಳವೆ ಮಾಡಿ ಹೆಂಗಸೊಬ್ಬಳ ಎದೆಬಡಿತ ಕೇಳಿದ ಲೆನೆಕ್ ಕೊಳಲುಗಾರ. ಆಮೇಲೆ ಮರವನ್ನು ತಾವೇ ಕಡೆದು ಸ್ಟೆತಸ್ಕೋಪು ಮಾಡಿಕೊಂಡರು. ಕೊಳಲು ಹಿಡಿದು ಗೊತ್ತಿದ್ದವರಿಗೆ ಕೊಳವೆ ಹೊಳೆಯುವುದರಲ್ಲಿ ಆಶ್ಚರ್ಯವೇನು!

ಅಳಿಯ ತನ್ನ ಕೆಲಸದ ಸುದ್ದಿ ಹೇಳಿದ. ಆಪರೇಷನ್ ಮಾಡುವಾಗ ರೋಗಿಯ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಪ್ರತಿ ನಾಡಿಗೂ ‘ಟಿಕ್ ಟಿಕ್’ ಅನ್ನುತ್ತದಲ್ಲ, ಆ ಸದ್ದು ಒಂದೇ ಶ್ರುತಿಯಲ್ಲಿ ಇರುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿದಂತೆ ಸ್ವರವೂ ಇಳಿಯುತ್ತದೆ. “ಪರದೆ ನೋಡೋಕೆ ಮುಂಚೆ ಕಿವಿಗೆ ಗೊತ್ತಾಗಿರತ್ತೆ ಮಾವ. ಅರ್ಧ ಸ್ವರ ಜಾರಿದ್ರೂ ಬೆನ್ನು ನೆಟ್ಟಗಾಗತ್ತೆ.” ಊರಿನಲ್ಲಿ ಈ ಯಂತ್ರ ಬಂದ ಮೇಲೆ ನಾನೂ ವರ್ಷಗಟ್ಟಲೆ ಅದನ್ನು ಕೇಳಿದ್ದೇನೆ. ಶ್ರುತಿ ಇಳಿಯುವುದನ್ನು ಗಮನಿಸಿದ್ದೆನೇ? ಗಮನಿಸಿರಬೇಕು. ಆದರೆ ಅದನ್ನು ಶ್ರುತಿ ಎಂದು ಕರೆದಿರಲಿಲ್ಲ.

ಅಂಗಳದಿಂದ ಹೊರಬಿದ್ದು ಲೂಯಿ ಪಾಶ್ಚರ್ ಅವರ ಹೆಸರಿನ ರಸ್ತೆ ಹಿಡಿದೆವು. ಬಾಸ್ಟನ್ ಲ್ಯಾಟಿನ್ ಸ್ಕೂಲ್ ಇರುವುದು ಇಲ್ಲೇ. 1635ರಲ್ಲಿ ಶುರುವಾದ ಸರ್ಕಾರಿ ಶಾಲೆ, ಸಂಗೀತಗಾರ ಲೆನರ್ಡ್ ಬರ್ನ್‌ಸ್ಟೈನ್ ಓದಿದ್ದು ಇದರಲ್ಲೇ. ಶಾಲೆ ಬಿಟ್ಟ ಹೊತ್ತು. ಹುಡುಗರು ಗುಂಪು ಗುಂಪಾಗಿ ಬಂದರು, ಹತ್ತರಲ್ಲಿ ಒಬ್ಬಿಬ್ಬರ ಕೈಯಲ್ಲಾದರೂ ವಾದ್ಯದ ಪೆಟ್ಟಿಗೆ. ಒಬ್ಬ ಸಣಕಲ ಹುಡುಗ ತನಗಿಂತ ದೊಡ್ಡ ಚೆಲ್ಲೋ ಬೆನ್ನಿಗೆ ಹಾಕಿಕೊಂಡು ಬಸ್ಸಿಗೆ ಓಡುತ್ತಿದ್ದ. ವಿಷಯದ ಬೇರು ಇರುವುದು ಈ ಪೆಟ್ಟಿಗೆಗಳಲ್ಲಿ ಎಂದು ನನಗೆ ಆ ಕ್ಷಣ ತೋರಿತು. ನಲವತ್ತರ ಡಾಕ್ಟರು ಗುರುವಾರ ಸಂಜೆ ವಾದ್ಯ ಹಿಡಿದು ಹೊರಡಬೇಕಾದರೆ ಹತ್ತರ ಹುಡುಗನ ಕೈಗೆ ಯಾರೋ ಅದನ್ನು ಕೊಟ್ಟಿರಬೇಕು, ಮತ್ತು ಒಬ್ಬನೇ ಅಲ್ಲ, ಗುಂಪಿನಲ್ಲಿ ಕೂರಿಸಿ ಕಲಿಸಿರಬೇಕು.

ಫೆನ್‌ವೇ ಉದ್ಯಾನದ ಅಂಚಿಗೆ ಗಾರ್ಡ್‌ನರ್ ಮ್ಯೂಸಿಯಂ, ಅದರಾಚೆ ಲಲಿತಕಲಾ ಮ್ಯೂಸಿಯಂ. ಎರಡರ ಒಳಗೂ ಹೋಗಲಿಲ್ಲ, ಹೊತ್ತಿರಲಿಲ್ಲ. ಆದರೂ ಎರಡನೆಯದರ ಮುಂದೆ ಒಂದು ನಿಮಿಷ ನಿಂತೆ. ಆನಂದ ಕುಮಾರಸ್ವಾಮಿ 1917ರಿಂದ 1947ರಲ್ಲಿ ತೀರಿಕೊಳ್ಳುವವರೆಗೆ ಕೆಲಸ ಮಾಡಿದ ಜಾಗ. ನಟರಾಜನ ಕುಣಿತವನ್ನು ಪಶ್ಚಿಮಕ್ಕೆ ತಿಳಿಸಿ ಹೇಳಿದವರು ಈ ಚಳಿಯಲ್ಲಿ ಟ್ರಾಮಿಗೆ ಕಾಯುತ್ತಿದ್ದರೇ ಎಂದು ನೆನೆದು, ಕೈಗವಸು ಎಳೆದುಕೊಂಡು ಮುಂದೆ ನಡೆದೆ.

ಜಾರ್ಡನ್ ಹಾಲ್ ಹೊರಗಿನಿಂದ ಏನೂ ಅಲ್ಲ. ಗೇನ್ಸ್‌ಬರೊ ಬೀದಿಯ ಮೂಲೆಯಲ್ಲಿ ಇಟ್ಟಿಗೆಯ ಕಟ್ಟಡ, ಅಂಚೆ ಕಚೇರಿ ಎಂದರೂ ನಂಬಬಹುದು. ಒಳಗೆ ಕಾಲಿಟ್ಟರೆ ಲಾಬಿಯಲ್ಲಿ ಕಂಚಿನ ಬೀಥೊವನ್, ಆಳೆತ್ತರ ಮೀರಿದವನು. 1867ರಲ್ಲಿ ಶುರುವಾದ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿಯ ಸಭಾಂಗಣ ಇದು, 1903ರಲ್ಲಿ ತೆರೆದದ್ದು, ಸಾವಿರ ಮಂದಿ ಹಿಡಿಸುತ್ತದೆ. ಲಾಂಗ್‌ವುಡ್‌ನ ವೈದ್ಯರು ತಮ್ಮ ಕಛೇರಿ ಮಾಡುತ್ತ ಬಂದದ್ದು ಇಲ್ಲೇ. ವಿದ್ಯಾರ್ಥಿಗಳ ಕಛೇರಿಗಳಿಗೆ ಎಷ್ಟೋ ಸಲ ಟಿಕೆಟ್ಟೇ ಇರುವುದಿಲ್ಲ. ಅವತ್ತು ಒಬ್ಬ ಹುಡುಗಿ ಪಿಯಾನೊ ನುಡಿಸುತ್ತಿದ್ದಳು, ಕೇಳುವವರು ಮೂವತ್ತು ಜನ. ಲಾಳದಾಕಾರದ ಬಾಲ್ಕನಿಯಲ್ಲಿ ಕೂತೆವು. ಹಳೆಯ ಮರದ ವಾಸನೆ. ಆ ಹುಡುಗಿ ಪೆಡಲಿನಿಂದ ಕಾಲು ತೆಗೆದ ಸದ್ದೂ ಬಾಲ್ಕನಿಗೆ ಕೇಳಿಸಿತು. ಇಂಥ ಸಭಾಂಗಣದಲ್ಲಿ ಹವ್ಯಾಸಿಗಳು ನುಡಿಸುವುದೆಂದರೆ ಧೈರ್ಯವೇ ಸರಿ. ತಪ್ಪು ಮುಚ್ಚಿಕೊಳ್ಳಲು ಜಾಗವಿಲ್ಲ.

ಅಲ್ಲಿ ಕೂತಾಗ ಬಿಲ್‌ರೋತ್ ನೆನಪಾದರು. ಭಾರತದ ಯಾವ ಎಂಬಿಬಿಎಸ್ ವಿದ್ಯಾರ್ಥಿಯನ್ನು ಕೇಳಿದರೂ ‘ಬಿಲ್‌ರೋತ್ ಒಂದು, ಬಿಲ್‌ರೋತ್ ಎರಡು’ ಎಂದು ಜಠರದ ಶಸ್ತ್ರಕ್ರಿಯೆಗಳನ್ನು ಗಿಣಿಪಾಠ ಒಪ್ಪಿಸುತ್ತಾರೆ. 1881ರ ಜನವರಿಯಲ್ಲಿ ವಿಯೆನ್ನಾದಲ್ಲಿ ಕ್ಯಾನ್ಸರ್ ತಗುಲಿದ ಜಠರದ ಭಾಗವನ್ನು ಕತ್ತರಿಸಿ ತೆಗೆದು ಗೆದ್ದ ಮೊದಲಿಗರು ಅವರು. ಪರೀಕ್ಷೆಗೆ ಅಷ್ಟು ಓದಿದ ನನಗೆ, ಅದೇ ಥಿಯೊಡೊರ್ ಬಿಲ್‌ರೋತ್ ಸಂಗೀತ ರಚನೆಕಾರ ಬ್ರಾಮ್ಸ್‌ನ ಆಪ್ತ ಗೆಳೆಯ, ವಯೊಲಾ ನುಡಿಸುತ್ತಿದ್ದವರು, ಬ್ರಾಮ್ಸ್ 1873ರಲ್ಲಿ ಪ್ರಕಟಿಸಿದ ಎರಡು ತಂತಿವಾದ್ಯ ಚತುಷ್ಕಗಳನ್ನು ಅರ್ಪಿಸಿದ್ದು ಅವರಿಗೇ ಎಂಬುದು ಗೊತ್ತಾದದ್ದು ನಿವೃತ್ತಿಯಾದ ಮೇಲೆ. ಬ್ರಾಮ್ಸ್‌ನ ಹೊಸ ರಚನೆಗಳನ್ನು ಅವರ ಮನೆಯ ಹಜಾರದಲ್ಲಿ ನುಡಿಸಿ ನೋಡುತ್ತಿದ್ದರು. ಸರ್ಜರಿ ಪುಸ್ತಕದಲ್ಲಿ ಒಂದು ಅಡಿಟಿಪ್ಪಣಿ ಹಾಕಿದ್ದರೆ ಏನು ಗಂಟು ಹೋಗುತ್ತಿತ್ತು?

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ವೈದ್ಯ-ಸಂಗೀತಗಾರ ಎಂದಕೂಡಲೇ ನಾವು ಎತ್ತುವ ಹೆಸರೆಲ್ಲ ಶಿಖರಗಳದೇ. ಆರ್ಗನ್ ನುಡಿಸುವ ಆಲ್ಬರ್ಟ್ ಶ್ವೈಟ್ಜರ್ 1913ರಲ್ಲಿ ಆಫ್ರಿಕದ ಲಂಬರೇನೆಗೆ ಹೋಗುವಾಗ, ಪೆಡಲು ಜೋಡಿಸಿ ಸತುವಿನ ಹೊದಿಕೆ ಹಾಕಿದ ಪಿಯಾನೊ ಜತೆಗೆ ಹೋಯಿತು. ನಮ್ಮ ನೆರೆಯ ಕರ್ನೂಲಿನಲ್ಲಿ ಮೆಡಿಕಲ್ ಕಾಲೇಜಿನ ಪ್ರಾಧ್ಯಾಪಕರಾಗಿದ್ದುಕೊಂಡೇ ಒಂದು ಪೀಳಿಗೆಯ ಕರ್ನಾಟಕ ಸಂಗೀತಗಾರರನ್ನು ತಿದ್ದಿದ ಶ್ರೀಪಾದ ಪಿನಾಕಪಾಣಿ ತೊಂಬತ್ತೊಂಬತ್ತು ವರ್ಷ ಬಾಳಿ 2013ರಲ್ಲಿ ತೀರಿಕೊಂಡರು. ಅವರಿಗೆ ಕೈ ಮುಗಿಯೋಣ. ಆದರೆ ಅವರಿಂದ ನನ್ನಂಥವನಿಗೆ ಉಪಯೋಗವಿಲ್ಲ. ನಾನು ನೋಡಬೇಕೆಂದಿದ್ದದ್ದು ಎರಡನೇ ಪಿಟೀಲಿನ ಕೊನೆಯ ಸಾಲಿನವರನ್ನು. ಎಂದೂ ಶಿಖರವಾಗದವರನ್ನು, ಆಗಬೇಕೆಂದು ಇಲ್ಲದವರನ್ನು.

ಅವರನ್ನು ನೋಡಲು ಕಾರಿನಲ್ಲಿ ಮುಕ್ಕಾಲು ಗಂಟೆ ಪಶ್ಚಿಮಕ್ಕೆ ಹೋದೆವು. ಒಂದು ಸಣ್ಣ ಊರಿನ ಹೈಸ್ಕೂಲು, ಅದರ ಬ್ಯಾಂಡ್ ಕೋಣೆ. ಗೋಡೆಗೆ ಮಕ್ಕಳ ಬಟ್ಟೆಯ ಚೀಲಗಳು, ಮೂಲೆಯಲ್ಲಿ ಯಾರೋ ಬಿಟ್ಟುಹೋದ ಒಂಟಿ ಬೂಟು, ಪ್ಲಾಸ್ಟಿಕ್ ಕುರ್ಚಿಗಳು. ಇದು ವೈದ್ಯರದೇ ಆರ್ಕೆಸ್ಟ್ರಾ ಅಲ್ಲ, ಊರಿನದು. ಅರವತ್ತು ಜನ ಇದ್ದಿರಬೇಕು. ಸೇರುವಾಗ ನುಡಿಸಿ ತೋರಿಸಬೇಕು, ವರ್ಷಕ್ಕೆ ಇಷ್ಟೆಂದು ಚಂದಾ ಕಟ್ಟಬೇಕು. ಆ ದುಡ್ಡಿನಲ್ಲಿ ನಿರ್ದೇಶಕರ ಸಂಬಳ, ಸ್ವರಲಿಪಿಯ ಬಾಡಿಗೆ, ಕಾಫಿ. ಸಂಭಾವನೆ ಪಡೆಯುವುದಲ್ಲ, ಕೊಟ್ಟು ನುಡಿಸುವುದು! ನಮ್ಮೂರ ತಾಳಮದ್ದಳೆ ಸಂಘದ ಲೆಕ್ಕಪುಸ್ತಕ ಕಣ್ಣಿಗೆ ಬಂತು.

“ಇದರಲ್ಲಿ ಡಾಕ್ಟರುಗಳು ಯಾರ್‍ಯಾರು?” ಎಂದೆ.

“ಒಂಬತ್ತು ಜನ ಇದೀವಿ. ನೀವೇ ಹುಡುಕಿ.”

ಹುಡುಕಿದೆ. ನೆಟ್ಟಗೆ ಕೂತ, ಗಂಟು ಮುಖದ, ಚೆಲ್ಲೋ ಹಿಡಿದವರು ಖಂಡಿತ ಸರ್ಜನ್ ಎಂದೆ. ಅವರು ಕೊಳಾಯಿ ರಿಪೇರಿಯವರು. ಸರ್ಜನ್ ಇದ್ದದ್ದು ಎರಡನೇ ಪಿಟೀಲಿನ ಮೂರನೇ ಸಾಲಿನಲ್ಲಿ, ಒಳಮಗ್ಗುಲಿನ ಕುರ್ಚಿಯಲ್ಲಿ. ಇಬ್ಬರಿಗೆ ಒಂದು ಸ್ಟ್ಯಾಂಡ್ ಇರುತ್ತದೆ. ಪುಟ ತಿರುಗಿಸಬೇಕಾದಾಗ ಒಳಮಗ್ಗುಲಿನವರು ನುಡಿಸುವುದು ನಿಲ್ಲಿಸಿ ತಿರುಗಿಸುತ್ತಾರೆ, ಹೊರಮಗ್ಗುಲಿನವರು ನುಡಿಸುತ್ತಲೇ ಇರುತ್ತಾರೆ. ಹೊರಮಗ್ಗುಲಿಗೆ ಕೂತಿದ್ದವಳು ಹದಿನೇಳರ ಹುಡುಗಿ. ಹಗಲೆಲ್ಲ “ಕತ್ತರಿ”, “ಹತ್ತಿ” ಎಂದು ಕೈ ಚಾಚಿದಾಗ ಇನ್ನೊಬ್ಬರು ತಂದಿಡುವ ಕೈಗೆ, ಸಂಜೆ ಆ ಹುಡುಗಿಗಾಗಿ ಪುಟ ತಿರುಗಿಸುವ ಕೆಲಸ. ಒಮ್ಮೆ ತಡವಾಯಿತು. ಹುಡುಗಿ ಹುಬ್ಬು ಗಂಟಿಕ್ಕಿದಳು. ಸರ್ಜನ್ “ಸಾರಿ” ಅಂದರು. ನಾನು ಇಷ್ಟು ವರ್ಷದ ನೌಕರಿಯಲ್ಲಿ ಸರ್ಜನ್ನರ ಬಾಯಲ್ಲಿ ಆ ಶಬ್ದವನ್ನು ಹೆಚ್ಚು ಕೇಳಿದವನಲ್ಲ.

ಓಬೊ ‘ಎ’ ಸ್ವರ ಕೊಟ್ಟಿತು, ಎಲ್ಲರೂ ಅದಕ್ಕೆ ಕೂಡಿಸಿಕೊಂಡರು. ನಮ್ಮಲ್ಲಿ ತಂಬೂರಿ ಕೊನೆತನಕ ಬೆನ್ನಿಗಿರುತ್ತದೆ. ಇವರಿಗೆ ಒಮ್ಮೆ ಕೊಟ್ಟದ್ದೇ, ಆಮೇಲೆ ಅವರವರ ಕಿವಿಯೇ ಗತಿ. ಅವತ್ತಿನ ಅಭ್ಯಾಸ ದ್ವೊರ್ಜಾಕ್‌ನ ಒಂಬತ್ತನೇ ಸಿಂಫನಿ, ‘ಹೊಸ ಜಗತ್ತಿನಿಂದ’ ಎಂದು ಹೆಸರಾದದ್ದು. ಬೊಹೀಮಿಯದಿಂದ ಬಂದು ನ್ಯೂಯಾರ್ಕಿನಲ್ಲಿ ಸಂಗೀತ ಶಾಲೆಯ ನಿರ್ದೇಶಕನಾಗಿದ್ದಾಗ ಬರೆದದ್ದು, ಮೊದಲು ನುಡಿಸಿದ್ದು 1893ರ ಡಿಸೆಂಬರ್‌ನಲ್ಲಿ. ನಲವತ್ತು ನಿಮಿಷ ಮೀರಿದ ಈ ಕೃತಿಯಲ್ಲಿ ಟ್ಯೂಬಾ ವಾದಕನಿಗೆ ಕೆಲಸ ಎರಡನೇ ಭಾಗದಲ್ಲಿ ಮಾತ್ರ, ಅದೂ ಬೆರಳೆಣಿಕೆಯ ಸ್ವರ. ತಾಳದ ತಟ್ಟೆಗೆ? ಇಡೀ ಸಿಂಫನಿಯಲ್ಲಿ ಒಂದೇ ಒಂದು ಪೆಟ್ಟು. ನಾಲ್ಕನೆಯ ಭಾಗದಲ್ಲಿ.

ನನ್ನ ಅಳಿಯ ಹೊತ್ತು ತಂದ ಆ ಕಾವಲಿ ಅದಕ್ಕೇ.

ನಗು ತಡೆಯಲಾಗಲಿಲ್ಲ. ರಾತ್ರಿಯೆಲ್ಲ ಎದ್ದಿದ್ದವನು, ಇಷ್ಟು ದೂರ ಕಾರು ಓಡಿಸಿ ಬಂದವನು, ಒಂದು ಪೆಟ್ಟಿಗೆ! ಮೂರನೇ ಭಾಗದ ಟ್ರಯಾಂಗಲ್ ಕೂಡ ತನ್ನದೇ ಎಂದು ಸಮಜಾಯಿಷಿ ಕೊಟ್ಟ. ಇರಲಿ. ಮೊದಲೆರಡು ಭಾಗ ಅವನು ಸುಮ್ಮನೆ ಕೂತಿದ್ದ. ಸುಮ್ಮನೆ ಎಂದೆ, ತಪ್ಪಾಯಿತು. ಸ್ಟ್ಯಾಂಡಿನ ಕೆಳಗೆ ಬೆರಳು ಮಡಿಚಿ ಆವರ್ತ ಎಣಿಸುತ್ತಿದ್ದ. ಕಣ್ಣು ನಿರ್ದೇಶಕರ ಮೇಲೆ, ಕಿವಿ ಎಲ್ಲೆಲ್ಲೋ. ಅರಿವಳಿಕೆಯವರು ಆಪರೇಷನ್ ಮೇಜಿನ ತಲೆಯ ಕಡೆ ಕೂರುವ ಭಂಗಿ ನನಗೆ ಗೊತ್ತು, ಅದೇ ಭಂಗಿ. ಏನೂ ಆಗದಿರುವ ಹೊತ್ತೆಲ್ಲ ಅವರ ಕೆಲಸವೇ.

ನಾಲ್ಕನೆಯ ಭಾಗ ಶುರುವಾಯಿತು. ಅಬ್ಬರವೋ ಅಬ್ಬರ, ಕಹಳೆಗಳ ಗರ್ಜನೆ. ಇಲ್ಲೇ ಎಲ್ಲೋ ಬೀಳುತ್ತದೆ ‘ಢಣ್’ ಎಂದು ಕಾದೆ. ಬೀಳಲಿಲ್ಲ. ಅಬ್ಬರವೆಲ್ಲ ಇಳಿದು ವಾದ್ಯಗಳು ದನಿ ತಗ್ಗಿಸುತ್ತಿರುವಾಗ ಅಳಿಯ ಎದ್ದು ನಿಂತ, ತೊಗಲಿನ ಪಟ್ಟಿಯಲ್ಲಿ ಬೆರಳು ತೂರಿಸಿ ತಟ್ಟೆಗಳನ್ನು ಎದೆಯೆತ್ತರಕ್ಕೆ ಹಿಡಿದ, ತಾಗಿಸಿದ. ‘ಪೊಕ್’ ಎಂಬ ಸದ್ದು ಬಂತು, ಬಾಟಲಿಯ ಬಿರಟೆ ಕಿತ್ತಂತೆ.

ನಿರ್ದೇಶಕರು ಕೋಲು ಇಳಿಸಿದರು. ಅರವತ್ತು ಜನ ತಿರುಗಿ ನೋಡಿದರು. ಹದಿನೇಳರ ಹುಡುಗಿ ಕಿಸಕ್ಕನೆ ನಕ್ಕಳು.

ಎರಡು ತಟ್ಟೆಗಳ ಅಂಚು ಒಮ್ಮೆಗೇ ಸಮನಾಗಿ ಕೂತುಬಿಟ್ಟರೆ ನಡುವೆ ಗಾಳಿ ಸಿಕ್ಕಿಕೊಂಡು ಹೀಗಾಗುತ್ತದಂತೆ. ಒಂದನ್ನು ಚೂರು ಓರೆ ಮಾಡಿ, ಕೆಳಗಿನ ಅಂಚು ಮೊದಲು ತಾಗಿ ಮೇಲಿನದು ಕೂದಲೆಳೆ ತಡವಾಗಿ ತಾಗುವಂತೆ ಒರೆಸಬೇಕು. ಮೇಲಾಗಿ ಈ ಪೆಟ್ಟು ಜೋರಾಗಿರಕೂಡದು. ಜೋರು ಪೆಟ್ಟನ್ನು ಯಾರು ಬೇಕಾದರೂ ಹೊಡೆದಾರು. ಮೊರದಗಲದ ಕಂಚಿನಿಂದ ಪಿಸುಮಾತಿಗಿಂತ ಚೂರೇ ದೊಡ್ಡ ದನಿ ತೆಗೆಯುವುದಿದೆಯಲ್ಲ, ಅದಕ್ಕೆ ಅಭ್ಯಾಸ ಬೇಕು. ಎರಡನೇ ಸಲ ಎರಡು ಮಾತ್ರೆ ತಡವಾಯಿತು. ಮೂರನೇ ಸಲ ಬಂತು. ‘ಶಿಂ’ ಎಂದಿತು. ದೇವಸ್ಥಾನದಲ್ಲಿ ಮಂಗಳಾರತಿ ಮುಗಿದ ಮೇಲೆ ಜಾಗಟೆಯಲ್ಲಿ ಉಳಿಯುತ್ತದಲ್ಲ, ಅಂಥ ಸದ್ದು. ನಿರ್ದೇಶಕರು ಕೋಲು ನಿಲ್ಲಿಸಲಿಲ್ಲ, ತಲೆ ಮಾತ್ರ ಆಡಿಸಿದರು. ಅಳಿಯನ ಕಿವಿ ಕೆಂಪಗಾಯಿತು.

ಅರ್ಧ ಅಭ್ಯಾಸಕ್ಕೆ ವಯೊಲಾದ ಹೆಂಗಸೊಬ್ಬರ ಫೋನು ಜುಮ್ಮೆಂದಿತು. ಹೆರಿಗೆ ಡಾಕ್ಟರಂತೆ. ವಾದ್ಯವನ್ನು ಕುರ್ಚಿಯ ಮೇಲಿಟ್ಟು ಹೊರಗೆ ಹೋದವರು ಬರಲೇ ಇಲ್ಲ. ಪಕ್ಕದವರು ಸ್ವಲ್ಪ ಹೊತ್ತು ನೋಡಿ, ಆ ವಯೊಲಾದ ತಂತಿಯ ಕೆಳಗಿನ ರಾಳದ ಪುಡಿಯನ್ನು ಬಟ್ಟೆಯಲ್ಲಿ ಒರೆಸಿ, ಕಮಾನಿನ ಬಿಗಿ ಸಡಿಲಿಸಿ, ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರು. ರೂಢಿಯಾದ ಕೈ. ಯಾರೂ ಏನೂ ಅನ್ನಲಿಲ್ಲ.

ಬಿಡುವಿನಲ್ಲಿ ಬಿಸ್ಕತ್ತು ತಿನ್ನುತ್ತ ಅಳಿಯನನ್ನು ಕೇಳಿದೆ: “ಒತ್ತಡ ಕಳೆಯೋದಕ್ಕೆ ಬರ್ತೀಯೇನೋ? ಪೇಪರಿನಲ್ಲಿ ಹಾಗೇ ಬರೀತಾರಲ್ಲ.”

“ಒತ್ತಡ ಕಳೀಬೇಕು ಅಂದ್ರೆ ಮನೇಲಿ ಮಲಗ್ತಿದ್ದೆ ಮಾವ. ಆ ಪೆಟ್ಟಿಗೆ ಮುಂಚೆ ನನ್ನ ನಾಡಿ ನೋಡ್ಬೇಕಿತ್ತು ನೀವು.” ಸ್ವಲ್ಪ ತಡೆದು, “ಅಲ್ಲಿ ಎಲ್ರೂ ನನ್ನ ಮಾತಿಗೆ ಕಾಯ್ತಾರೆ. ಇಲ್ಲಿ ನಾನು ಎಲ್ರಿಗೂ ಕಾಯ್ತೀನಿ. ಅಷ್ಟೇ” ಎಂದ.

ಸಂಗೀತ ಕೇಳಿದರೆ ಆ ರೋಗ ವಾಸಿ, ಈ ರೋಗ ವಾಸಿ ಎಂಬ ಮಾತುಗಳಲ್ಲಿ ನನಗೆ ಮೊದಲಿನಿಂದ ಅಷ್ಟಾಗಿ ನಂಬಿಕೆಯಿಲ್ಲ. ಡಾಕ್ಟರನ ಕೆಲಸ ಸಂಗೀತದಿಂದ ಹಗುರಾಗುತ್ತದೆ ಎಂಬುದರಲ್ಲೂ ಇಲ್ಲ. ಆ ಹೆರಿಗೆ ಡಾಕ್ಟರಿಗೆ ಅವತ್ತು ಯಾವ ಭಾರ ಇಳಿಯಿತು? ಆದರೆ ಅಳಿಯ ಹೇಳಿದ್ದು ಹೌದು. ನಮ್ಮನ್ನು ತಯಾರು ಮಾಡುವುದೇ ತೀರ್ಮಾನ ಕೊಡುವವರಾಗಿ. ಇಪ್ಪತ್ತನಾಲ್ಕನೇ ವಯಸ್ಸಿಗೆ “ಡಾಕ್ಟ್ರೇ” ಅನ್ನಿಸಿಕೊಂಡ ಮೇಲೆ ನಾಲ್ಕು ಜನರ ನಡುವೆ ನಮ್ಮನ್ನು “ನೀನು ತಡವಾದೆ, ಇನ್ನೊಮ್ಮೆ” ಎಂದು ತಿದ್ದುವವರು ಸಿಗುವುದಿಲ್ಲ. ಆ ಭಾಗ್ಯವನ್ನು ಇವರು ಚಂದಾ ಕೊಟ್ಟು ಕೊಂಡುಕೊಂಡಿದ್ದಾರೆ.

ನಮ್ಮಲ್ಲಿ ಇದು ಇಲ್ಲವೇ? ತಾಳಮದ್ದಳೆಯಲ್ಲಿ ಅರ್ಥ ಹೇಳುವ ಡಾಕ್ಟರುಗಳು, ವಕೀಲರು ನಮ್ಮ ಕಡೆ ಬೇಕಾದಷ್ಟಿದ್ದಾರೆ. ಆದರೆ ಕೃಷ್ಣನ ಪಾತ್ರ ಅವರಿಗೇ ಮೀಸಲು, ಹಿಮ್ಮೇಳದ ಚಕ್ರತಾಳಕ್ಕೆ ಕೂರುವ ಡಾಕ್ಟರನ್ನು ನಾನು ಕಂಡಿಲ್ಲ. ತ್ಯಾಗರಾಜರ ಆರಾಧನೆಯ ಪಂಚರತ್ನ ಗೋಷ್ಠಿಯಲ್ಲಿ ಕೂತಿದ್ದೇನೆ. ನಾಟ, ಗೌಳ, ಆರಭಿಯವರೆಗೆ ಛಾವಣಿ ಹಾರುವಂತೆ ಹಾಡುವ ಸಭೆ ವರಾಳಿ ಬಂದಕೂಡಲೇ ಮೈಕಿನ ಮುಂದಿನ ನಾಲ್ವರಿಗೆ ಇಳಿಯುತ್ತದೆ. ಮಿಕ್ಕವರು ಬಾಯಿ ಆಡಿಸುತ್ತೇವೆ. ವರ್ಷಕ್ಕೊಂದು ದಿನ ಸೇರಿದರೆ ಇನ್ನೇನಾದೀತು? ಆ ಬ್ಯಾಂಡ್ ಕೋಣೆಯಲ್ಲಿ ನಾನು ಕಂಡದ್ದು ಪ್ರತಿಭೆಯಲ್ಲ, ಏರ್ಪಾಡು. ವಾರದಲ್ಲಿ ಒಂದು ಸಂಜೆ ಎಂದರೆ ಒಂದು ಸಂಜೆ. ಅಳಿಯ ಗುರುವಾರದ ರಾತ್ರಿ ಡ್ಯೂಟಿಯನ್ನು ಸಹೋದ್ಯೋಗಿಗೆ ಬಿಟ್ಟುಕೊಟ್ಟು ಅವರ ಭಾನುವಾರ ತಗೊಳ್ಳುತ್ತಾನೆ. ಶಾಲೆಯ ಕೋಣೆ ರಾತ್ರಿ ಖಾಲಿ ಇರುತ್ತದೆ, ಕೊಡುತ್ತಾರೆ. ಇಷ್ಟೇ ಸಂಗತಿ. ನಮ್ಮ ತಾಲ್ಲೂಕಿನ ಹೈಸ್ಕೂಲುಗಳ ಕೋಣೆಗಳೂ ರಾತ್ರಿ ಖಾಲಿಯೇ.

ಹತ್ತು ಗಂಟೆಗೆ ಅಭ್ಯಾಸ ಮುಗಿಯಿತು. ಎಲ್ಲರೂ ತಂತಮ್ಮ ಕುರ್ಚಿ ಎತ್ತಿ ಗೋಡೆಗೆ ಪೇರಿಸಿದರು, ಸರ್ಜನ್ನರೂ ಕೂಡ. ಹೊರಗೆ ಸಣ್ಣಗೆ ಹಿಮ ಉದುರಲು ಶುರುವಾಗಿತ್ತು. ಹೆರಿಗೆ ಡಾಕ್ಟರ ವಯೊಲಾ ಪಕ್ಕದವರ ಕಾರಿನಲ್ಲಿ ಹೋಯಿತು.

ನೀವು ಆ ಕಡೆ ಹೋದರೆ ಟ್ರಾಮಿನ ಹಸಿರು ಮಾರ್ಗದ ‘ಇ’ ಗಾಡಿ ಹಿಡಿದು ಬ್ರಿಗಮ್ ಸರ್ಕಲ್‌ನಲ್ಲಿ ಇಳಿದು ನಡೆಯಿರಿ. ಚಳಿಗಾಲವಾದರೆ ಕಿವಿ ಮುಚ್ಚುವ ಟೋಪಿ ಬೇಕು, ಜಾರ್ಡನ್ ಹಾಲ್‌ನೊಳಗೆ ತೆಗೆಯಿರಿ. ಎಲ್ಲಾದರೂ ಹವ್ಯಾಸಿಗಳು ಆ ಒಂಬತ್ತನೇ ಸಿಂಫನಿ ನುಡಿಸುತ್ತಿದ್ದರೆ ತಪ್ಪದೆ ಹೋಗಿ ಕೂತುಕೊಳ್ಳಿ. ನಾಲ್ಕನೆಯ ಭಾಗ ಶುರುವಾಗಿ ಎರಡು ನಿಮಿಷದೊಳಗೆ ಅಬ್ಬರ ಇಳಿಯುತ್ತದೆ, ಹಿಂದೆ ಮೂಲೆಯಲ್ಲಿ ಒಬ್ಬರು ತಟ್ಟೆ ಹಿಡಿದು ಎದ್ದು ನಿಲ್ಲುತ್ತಾರೆ. ಆಗ ದಯವಿಟ್ಟು ಕೆಮ್ಮಬೇಡಿ.